ಇಂಜಿನ್ ಸದ್ದು: ಅದು ಯಾವಾಗ ಬರುತ್ತದೆ ಎಂಬುದೇ ಮುಖ್ಯ

ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ, ವೇಗ ತಗ್ಗಿದರೂ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತುತ್ತಲೇ ಹೋದರೆ, ಹಲವು ಪೆಟ್ರೋಲ್ ಕಾರುಗಳಿಂದ ಡಬ್ಬಿಯಲ್ಲಿ ಸಣ್ಣ ಕಲ್ಲು ಕುಲುಕಿದಂಥ ಸದ್ದು ಹೊರಡುತ್ತದೆ. ಗೇರ್ ಇಳಿಸಿದೊಡನೆ ಅದು ನಿಂತರೆ, ಬಹುಮಟ್ಟಿಗೆ ಅದು ಸವೆದ ಭಾಗದ ಸದ್ದಲ್ಲ, ನಾಕಿಂಗ್. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಉಳಿದ ಮಿಶ್ರಣ ಶಾಖ ಮತ್ತು ಒತ್ತಡಕ್ಕೆ ತಾನಾಗಿ ಸಿಡಿಯುವುದರಿಂದ ಇದು ಹುಟ್ಟುತ್ತದೆ. ಕಡಿಮೆ ಆಕ್ಟೇನಿನ (ತಾನಾಗಿ ಸಿಡಿಯದೆ ತಡೆಯುವ ಗುಣ ಕಡಿಮೆಯಿರುವ) ಪೆಟ್ರೋಲ್, ಪಿಸ್ಟನ್ ತಲೆಯ ಮೇಲೆ ಕಟ್ಟಿದ ಕಾರ್ಬನ್, ಸ್ಪಾರ್ಕ್ ಬೇಗನೆ ಹಾರುವಂತೆ ಮುಂದೆ ಸರಿದ ಇಗ್ನಿಷನ್ ಟೈಮಿಂಗ್, ಅತಿಯಾಗಿ ಬಿಸಿಯಾದ ಇಂಜಿನ್, ಇವೆಲ್ಲ ಇದಕ್ಕೆ ದಾರಿ ಮಾಡುತ್ತವೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ತಲುಪುವಷ್ಟರಲ್ಲಿ ಗಾಳಿ ತೆಳುವಾಗಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಈ ಕಾಟ ಒಂದಿಷ್ಟು ತಗ್ಗುವುದೂ ಉಂಟು. ಹಾಗೆಂದು ಕೆಳಗಿನ ತಿರುವುಗಳಲ್ಲಿ ಕೇಳಿದ್ದನ್ನು ಮರೆಯಬಾರದು.

ಯಾವ ಸದ್ದನ್ನು ಕೇಳಿದರೂ ‘ಟ್ಯಾಪೆಟ್ ಸಾರ್, ಏನಾಗಲ್ಲ, ಓಡ್ಸಿ’ ಎಂಬ ಉತ್ತರ ಗ್ಯಾರೇಜುಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಟ್ಯಾಪೆಟ್ ಎಂದರೆ ಸಿಲಿಂಡರಿನ ಬಾಗಿಲಿನಂಥ ವಾಲ್ವನ್ನು ಒತ್ತಿ ತೆರೆಸುವ ಸಣ್ಣ ಭಾಗ. ಆ ಉತ್ತರ ನಿಜವೂ ಇರಬಹುದು, ಆದರೆ ಅದಕ್ಕೂ ಮೊದಲು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಆಯಿಲ್ ಒಂದು ಕಡೆಗೆ ಸರಿದು ತಪ್ಪು ಮಟ್ಟ ತೋರಿಸುತ್ತದೆ. ನಮ್ಮಲ್ಲಿ ಮನೆಯಂಗಳವೂ ಓರೆಯಾಗಿರುವುದರಿಂದ ನಾನು ಕಾಫಿ ಒಣಗಿಸುವ ಕಣಕ್ಕೆ ಕಾರನ್ನು ತಂದು ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡುತ್ತೇನೆ. (ಕಣದಲ್ಲಿ ಕಾಫಿ ಹರಡಿರುವ ಕಾಲದಲ್ಲಿ ಈ ಸೌಲಭ್ಯವಿಲ್ಲ.) ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ, ಕಂಪನಿ ಹೇಳಿದ ಗ್ರೇಡಿನ ಆಯಿಲ್ ತುಂಬಿಸಿ ಮತ್ತೆ ಕೇಳುವ ತನಕ ಬೇರೆ ನಿರ್ಣಯ ಬೇಡ.

ಟ್ಯಾಪೆಟ್‌ಗಳನ್ನು ತಳ್ಳುವ ಕ್ಯಾಮ್‌ಶಾಫ್ಟ್ ತಿರುಗುವುದು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಒಂದು ಸಡಿಲ ಟ್ಯಾಪೆಟ್ ಸೆಕೆಂಡಿಗೆ ಆರೇಳು ಸಲ ಟಿಕ್ ಎನ್ನುತ್ತದೆ; ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಬರುವ ಬಡಿತ ಅದರ ಎರಡು ಪಟ್ಟು ಬೇಗ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಕವರಿಗೂ ಹಿಡಿಯನ್ನು ಕಿವಿಗೂ ತಾಗಿಸಿದರೆ ಸದ್ದಿನ ಜಾಗ ತಿಳಿಯುತ್ತದೆ, ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಬಟ್ಟೆ ದೂರವಿರಲಿ. ಇಂಧನ ಚಿಮ್ಮಿಸುವ ಇಂಜೆಕ್ಟರಿನ ಸಣ್ಣ ಟಿಕ್ ಟಿಕ್ ಸಹಜವಾದದ್ದು. ಮಂಜಿನ ಬೆಳಗ್ಗೆ ಕೇಳಿಸಿ, ಇಂಜಿನ್ ಬಿಸಿಯಾದಂತೆ ಅಡಗುವ ಟಿಕ್‌ಗೆ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆ ಒಂದು ಸಾಮಾನ್ಯ ಕಾರಣ; ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಆದರೆ ಸೋರಿದ ಜಾಗದಲ್ಲಿ ಕಪ್ಪು ಮಸಿ ಉಳಿದಿರುತ್ತದೆ. ಟ್ಯಾಪೆಟ್ಟೇ ಆಗಿದ್ದು, ಅದು ಹೊಂದಿಸಬಹುದಾದ ಬಗೆಯದಾದರೆ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿದು, ಕಾರಿನ ಪುಸ್ತಕ ಹೇಳುವಷ್ಟೇ ಸಂದು ಉಳಿಯುವಂತೆ ಮಾಡಿಸಿ. ಸದ್ದು ಪೂರ್ತಿ ನಿಲ್ಲಲೆಂದು ಬಿಗಿ ಮಾಡಿಸಿದರೆ ವಾಲ್ವ್ ತನ್ನ ಸೀಟಿನ ಮೇಲೆ ಕೂರದೆ ಸುಟ್ಟುಹೋಗುತ್ತದೆ.

ಇಂಜಿನ್ನಿನ ಕೆಳಭಾಗದಿಂದ ಬರುವ, ಬಿಸಿಯಾದಷ್ಟೂ ಜೋರಾಗುವ ದಪ್ಪ ಬಡಿತದ ವಿಷಯ ಬೇರೆ. ಆಯಿಲ್ ತೆಳುವಾದಂತೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಸವೆದ ಬೇರಿಂಗಿಗೆ ರಕ್ಷಣೆ ತಪ್ಪುತ್ತದೆ. ಒಂದೊಂದಾಗಿ ಇಂಜೆಕ್ಟರ್‌ಗಳ ಕನೆಕ್ಟರ್ ತೆಗೆಸಿ ನೋಡಿದಾಗ ಯಾವ ಸಿಲಿಂಡರಿನಲ್ಲಿ ಸದ್ದು ತಗ್ಗುತ್ತದೋ ಅಲ್ಲೇ ದೋಷವಿರುವ ಸಂಭವ ಹೆಚ್ಚು. ದಪ್ಪ ಆಯಿಲ್ ಹಾಕಿ ಸದ್ದಡಗಿಸುವುದು ಕಾರು ಮಾರುವವರ ಉಪಾಯವೇ ಹೊರತು ರಿಪೇರಿಯಲ್ಲ. ಇಂಥ ಸದ್ದಿನೊಂದಿಗೆ ಆಯಿಲ್ ಪ್ರೆಶರ್ ದೀಪವೂ ಮಿನುಗಿದರೆ, ಘಾಟಿಯ ಮಧ್ಯವಾದರೂ ಸರಿ, ಇಂಜಿನ್ ಬಂದ್ ಮಾಡಿ ಎಳೆಸಿಕೊಂಡು ಹೋಗಬೇಕು. ರಾಡ್ ಮುರಿದು ಬ್ಲಾಕ್ ಒಡೆದರೆ ಇಡೀ ಇಂಜಿನ್ನೇ ಹೋಗುತ್ತದೆ. ಗ್ಯಾರೇಜಿನವರು ಇಂಜಿನ್ ಇಳಿಸಬೇಕೆಂದರೆ, ಮೊದಲು ಆಯಿಲ್ ಇಳಿಸಿ ಅದರಲ್ಲಿ ಲೋಹದ ಚೂರು ಹೊಳೆಯುತ್ತದೆಯೇ ತೋರಿಸಿ ಎಂದು ಕೇಳಿ. ಸಾಧ್ಯವಿರುವ ಗಾಡಿಯಲ್ಲಿ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿ ಬೇರಿಂಗನ್ನೂ ಕಣ್ಣಾರೆ ನೋಡಿದ ನಂತರವೇ ದೊಡ್ಡ ಖರ್ಚಿಗೆ ಒಪ್ಪಿಗೆ ಕೊಡಿ.