ಮಾನಸಗಂಗೋತ್ರಿಯ ನೊಣಗಳು

ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಓದಿದ ಯಾರನ್ನೇ ಕೇಳಿ, ಡ್ರಾಸೊಫಿಲ ಎಂಬ ಪುಟ್ಟ ಹಣ್ಣಿನ ನೊಣ ಅಂದರೆ ಮೊದಲು ನೆನಪಾಗುವುದು ರವೆ, ಬೆಲ್ಲ, ಅಗರ್ ಕುದಿಯುವ ವಾಸನೆ. ಪ್ರೊಪಿಯಾನಿಕ್ ಆಸಿಡ್ ಸುರಿಯುವ ತನಕ ಥೇಟ್ ಕೇಸರಿಬಾತು! ಈಥರ್ ಕೊಟ್ಟು ಮಲಗಿಸಿದ ನೊಣಗಳನ್ನು ಬ್ರಷ್ ತುದಿಯಲ್ಲಿ ಬೇರೆ ಮಾಡಬೇಕು. ಹೊಟ್ಟೆಯ ತುದಿ ಕಪ್ಪಗಿದ್ದರೆ ಗಂಡು. ತಡ ಮಾಡಿದರೆ ಎದ್ದು ಹಾರಿಹೋಗುತ್ತಿದ್ದವು. ಯಾವ ಗುಣ ಎಷ್ಟು ಮರಿಗಳಿಗೆ ಬಂತು ಎಂಬ ಎಣಿಕೆ ಪುಸ್ತಕದ ಹಾಗೆ ಬರದಿದ್ದರೆ ನಾವು ಸುಮ್ನೆ ಒಂದೆರಡು ಸೇರಿಸಲು ನೋಡುತ್ತಿದ್ದೆವು. ಮೇಷ್ಟ್ರು ಬಿಡುತ್ತಿರಲಿಲ್ಲ.

ಮುಂದೆ ನನಗೆ ಅನ್ನ ಕೊಟ್ಟದ್ದು ಆ ಎಣಿಕೆಯನ್ನೇ ಬುಡಮೇಲು ಮಾಡುವ ಜೀನ್ ಡ್ರೈವ್. ಮಾಮೂಲಿಯಾಗಿ ಒಂದು ಜೀನ್ ಮರಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಅಲ್ವಾ? ಇಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿ ಜೋಡಿ ಕ್ರೋಮೋಸೋಮನ್ನು ಕತ್ತರಿಸುತ್ತದೆ. ಜೀವಕೋಶ ಅದನ್ನು ರಿಪೇರಿ ಮಾಡುವಾಗ ಡ್ರೈವನ್ನೂ ನಕಲು ಮಾಡಿಕೊಳ್ಳುತ್ತದೆ. ಹೀಗಾಗಿ ಹೆಚ್ಚುಕಮ್ಮಿ ಎಲ್ಲ ಮರಿಗಳಿಗೂ ಅದೇ ಹೋಗುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಮಾಡಿ ತೋರಿಸಿದ್ದು ಡ್ರಾಸೊಫಿಲದಲ್ಲೇ. ಕೆಟ್ಟರೆ ಮೈ ಹಳದಿಯಾಗುವಂಥ ಜೀನ್ ಮೇಲೆ. 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಡ್ರೈವ್ ಸೇರಿಸಿ ಪಂಜರದಲ್ಲಿ ಸಾಕಿದ ಆಫ್ರಿಕಾದ ಮಲೇರಿಯಾ ಸೊಳ್ಳೆಗಳ ಸಂತತಿ 7ರಿಂದ 11 ತಲೆಮಾರಿನೊಳಗೆ ಅಳಿದುಹೋಯಿತು. ಓದಿ ಕುಣಿದಾಡಿದ್ದೆ.

ಅದೇ ಖುಷಿಯಲ್ಲಿ ಊರಿಗೆ ಹೋಗಿ ಅಪ್ಪನಿಗೂ ಹೇಳಿದೆ. ನಮ್ಮದು ಮಂಡ್ಯ ಕಡೆ, ವಿ.ಸಿ. ನಾಲೆಯ ಬಯಲು. ಚಳಿಜ್ವರದ ಕಥೆ ಕೇಳಿಕೊಂಡೇ ಬೆಳೆದವರು. ಅಪ್ಪ ಗದ್ದೆಗೆ ನೀರು ತಿರುಗಿಸುತ್ತಾ ಕೇಳಿದರು: "ಅಲ್ಲ ಮಗಾ, ನಮ್ಮೂರೋರು ಹೂಂ ಅಂದ್ರು ಅಂತಲೇ ಇಟ್ಕೊ. ಸೊಳ್ಳೆ ಪಕ್ಕದೂರ್ಗೂ ಹೋಯ್ತದಲ್ಲ, ಅವ್ರನ್ನ ಕೇಳೋರ್ಯಾರು?"

ನಮ್ಮ ಸೆಮಿನಾರುಗಳಲ್ಲಿ ಗಂಟೆಗಟ್ಟಲೆ ಜಗ್ಗಾಡುವುದೂ ಇದೇ ಪ್ರಶ್ನೆಯನ್ನು. ನಮ್ಮ ದೇಶಕ್ಕೆ ಇದರ ಬಿಸಿ ಮೊದಲೇ ತಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ದೆಹಲಿ ಬಳಿಯ ಸೋನಿಪತ್‌ನಲ್ಲಿ ಸಂತಾನಶಕ್ತಿ ಇಲ್ಲದ ಗಂಡು ಸೊಳ್ಳೆಗಳನ್ನು ಬಿಡಲು ತಯಾರಾಗಿದ್ದರು. ಇದು ಜೈವಿಕ ಯುದ್ಧದ ತಾಲೀಮು ಎಂಬ ಗುಮಾನಿ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಎದ್ದಿತು. 1975ರಲ್ಲಿ ಎಲ್ಲ ನಿಂತಿತು. ಗುಮಾನಿ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆ ಗಂಡುಗಳು ಸತ್ತರೆ ಕಥೆ ಮುಗಿಯುತ್ತಿತ್ತು. ಡ್ರೈವ್ ಹಾಗಲ್ಲ. ಬಿಟ್ಟ ಮೇಲೆ ತಾನೇ ಹರಡುತ್ತದೆ, ವಾಪಸ್ ಕರೆಯುವ ಹಾಗಿಲ್ಲ. ಆವತ್ತಿಗಿಂತ ಜಾಸ್ತಿ ಅನುಮಾನ ಪಡಬೇಕಾದ್ದು ಈಗಲೇ.

ಸದ್ಯ ನಾನು ಕೆಲವು ತಲೆಮಾರು ಹರಡಿ ತಾನಾಗಿಯೇ ನಿಲ್ಲುವಂಥ ಡ್ರೈವ್‌ಗಳ ಮೇಲೆ ಕೆಲಸ ಮಾಡುತ್ತಿದ್ದೇನೆ, ಮತ್ತೆ ನೊಣಗಳಲ್ಲೇ. ಅಪ್ಪನಿಗೆ ಅದೂ ಪೂರ್ತಿ ಒಪ್ಪಿಗೆಯಾಗಿಲ್ಲ. "ನಿಂತದೆ ಅಂತ ನೋಡ್ಕಂಡ್ ಬರೋರ್ಯಾರು?" ಅನ್ನುತ್ತಾರೆ.