ಎರೆಮಣ್ಣು ಕೈಕೊಟ್ಟಿತು, ಜೋಳದ ಹಿಟ್ಟು ಕೈಹಿಡಿಯಿತು

ಕೊನೆಗೂ ಓರೆ ಬಿರುಕು ಬಂದವು! ಸಾಲಾಗಿ, ಒಂದರ ಹಿಂದೆ ಒಂದು. ನೆಲದ ಎರಡು ಭಾಗ ಅಕ್ಕಪಕ್ಕ ಜಾರುವ ಸೀಳು, ಅಂದರೆ ಫಾಲ್ಟ್, ಹೇಗೆ ಹುಟ್ಟುತ್ತದೆ ಅಂತ ನೋಡಲು ಮನೆಯಲ್ಲೇ ಒಂದು ಮಾದರಿ ಮಾಡಿದ್ದೇನೆ. ಹಿಡಿಕೆ ತಿರುಗಿಸಿದರೆ ಎಂ8 ಥ್ರೆಡ್ ರಾಡ್ (8 ಮಿ.ಮೀ. ದಪ್ಪದ ಸ್ಕ್ರೂ ಸರಳು) ಡ್ರಾಯರ್ ಚಾನೆಲ್ ಮೇಲಿನ ಹಲಗೆಯನ್ನು ಪಕ್ಕಕ್ಕೆ ಸರಿಸುತ್ತದೆ. ಅದನ್ನು ಕೂಡಿಸಿದ ಕಥೆ ಬಿಡಿ. ತಲೆ ತಿಂದದ್ದು ಮೇಲೆ ಹಾಕುವ ಮಣ್ಣು.

ಭೂವಿಜ್ಞಾನಿ ರೀಡೆಲ್ 1929ರಲ್ಲಿ ಒದ್ದೆ ಜೇಡಿಮಣ್ಣಿನಲ್ಲಿ ತೋರಿಸಿದ್ದು ಇದನ್ನೇ. ಕೆಳಗಿನ ಹಲಗೆಗಳು ಪಕ್ಕಕ್ಕೆ ಸರಿದರೆ ಮೇಲೆ ಮೊದಲೇ ನೇರ ಗೆರೆ ಬೀಳುವುದಿಲ್ಲ. ಸರಿಯುವ ದಿಕ್ಕಿಗೆ ಸುಮಾರು 15 ಡಿಗ್ರಿ ಓರೆಯಾಗಿ ಸಣ್ಣ ಬಿರುಕು ಏಳುತ್ತವೆ. ಇನ್ನೂ ಸರಿಸಿದರೆ ಅವು ಕೂಡಿಕೊಂಡು ಫಾಲ್ಟ್ ಆಗುತ್ತದೆ.

ಧಾರವಾಡದಲ್ಲಿದ್ದು ಮಣ್ಣಿಗೇನು ಬರ ಅಂತ ನವಲಗುಂದ ಕಡೆಯಿಂದ ಎರೆಮಣ್ಣು ತಂದೆ. ಬಿರುಕು ಸಿಕ್ಕಾಪಟ್ಟೆ ಬಂದವು, ಹಿಡಿಕೆ ಮುಟ್ಟುವ ಮೊದಲೇ! ಇದರಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಜಾಸ್ತಿ. ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗಿ ಬಾಯಿ ಬಿಡುತ್ತದೆ. ಒದ್ದೆ ಬಟ್ಟೆ ಹೊದಿಸಿದೆ, ನೀರು ಚಿಮುಕಿಸಿದೆ. ಆಗ ಬಿರುಕೇ ಬಿಡದೆ ಸುಮ್ನೆ ಅಂಟಂಟಾಗಿ ಎಳೆದುಕೊಂಡು ಹೋಯಿತು.

ಸರಿ, ಚೀನಾ ಕ್ಲೇ (ಪಿಂಗಾಣಿಯ ಬಿಳಿ ಜೇಡಿಮಣ್ಣು) ತರೋಣ ಅಂತ ಹುಬ್ಬಳ್ಳಿಗೆ ಹೋದೆ. ಅಂಗಡಿಯವರು ಕಟ್ಟಿಕೊಟ್ಟದ್ದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್). ನೀರು ಕಲಸಿ ಚಹಾ ಕುಡಿದು ಬರುವಷ್ಟರಲ್ಲಿ ಕಲ್ಲು. ಕೇಳಿದರೆ, "ಎರಡೂ ಬಿಳೇ ಪುಡೀನ ಅಲ್ಲೇನ್ರಿ?" ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬಗ್ಗೆ ಕೇಳಲೇಬೇಡಿ. ಕಾಳು ದಪ್ಪ, ಬಿರುಕಿನ ಅಂಚೇ ನಿಲ್ಲುವುದಿಲ್ಲ.

ಕಡೆಗೆ ಅಡುಗೆಮನೆಯ ಜೋಳದ ಹಿಟ್ಟಿಗೆ ಕೈ ಹಾಕಿದೆ. "ರೊಟ್ಟಿ ಹಿಟ್ಟಿನ್ಯಾಗ ಭೂಕಂಪ ಮಾಡಾಕತ್ತೀ ಏನೋ?" ಅಂದಳು ಅವ್ವ. ಒಣ ಹಿಟ್ಟು ಕುಗ್ಗುವ ಮಾತೇ ಇಲ್ಲ, ನುಣುಪು ಬೇರೆ. ಜರಡಿ ಹಿಡಿದು ಎರಡು ಬೆರಳು ದಪ್ಪ ಉದುರಿಸಿ, ಹಲಗೆ ಒತ್ತಿ ಗಟ್ಟಿ ಮಾಡಿದೆ. ತೆಳ್ಳಗಾದರೆ ಕೆಳಗಿನ ಸೀಳೇ ನೆಟ್ಟಗೆ ಮೇಲೆ ಮೂಡುತ್ತದೆ, ನೆನಪಿರಲಿ. ಅಡ್ಡಡ್ಡ ಕುಂಕುಮದ ಗೆರೆ ಎಳೆದಿದ್ದೆ. ಮೊದಲು ಗೆರೆ ನಡುವೆ ಬಳುಕಿತು. ಆಮೇಲೆ ಬಳುಕಿದ ಜಾಗದಲ್ಲೇ ಕೂದಲೆಳೆಯಂಥ ಸೀಳು ಕಂಡು, ಕುಂಕುಮ ತುಂಡಾಯಿತು. ಕೋನಮಾಪಕ ಇಟ್ಟರೆ 15ರ ಆಸುಪಾಸು. ಸಾಕು ಬಿಡಿ!

ಹಿಡಿಕೆ ಒಂದು ಸುತ್ತು ತಿರುಗಿದರೆ ಹಲಗೆ 1.25 ಮಿ.ಮೀ. ಸರಿಯುತ್ತದೆ. ಮ್ಯಾನ್ಮಾರ್‌ನ ಸಗೈಂಗ್ ಫಾಲ್ಟಿನ ಎರಡು ಬದಿ ಸರಿಯುವ ಲೆಕ್ಕ ವರ್ಷಕ್ಕೆ ಸುಮಾರು 2 ಸೆಂ.ಮೀ., ಅಂದರೆ ನನ್ನ 16 ಸುತ್ತು. ಆದರೆ ಅದು ವರ್ಷವರ್ಷ ಕಂತು ಕಟ್ಟುವುದಿಲ್ಲ. ಕಚ್ಚಿಕೊಂಡು ಕೂತು, 2025ರ ಮಾರ್ಚ್ 28ರಂದು ಒಮ್ಮೆಲೇ ಜಾರಿತು, 7.7 ತೀವ್ರತೆಯ ಭೂಕಂಪ. ಗೇಟಿನಾಚೆಯ ನೆಲ ಸರ್ರನೆ ಸರಿದ ಸಿಸಿಟಿವಿ ವಿಡಿಯೊ ನೋಡಿದ್ದೀರಲ್ವಾ? ನನ್ನ ಹಿಟ್ಟಿಗೆ ಆ ಹಟ ಇಲ್ಲ. ಹಾಗೆ ಕಚ್ಚಿಕೊಂಡು ಒಮ್ಮೆಲೇ ಜಾರಬೇಕಾದರೆ ಸ್ಪ್ರಿಂಗ್ ಬೇಕು, ಇನ್ನೊಮ್ಮೆ ನೋಡೋಣ.

ಅದಕ್ಕೂ ಮೊದಲು ಹಲಗೆಯ ಸೀಳನ್ನೇ ಸೊಟ್ಟ ಕೊಯ್ಯಬೇಕು. ಮೃತ ಸಮುದ್ರದ ಹತ್ತಿರ ಫಾಲ್ಟ್ ಎಡಕ್ಕೆ ಸರಿಯುವಂಥದ್ದು (ಒಂದು ಬದಿ ನಿಂತು ನೋಡಿದರೆ ಆಚೆ ಬದಿ ಎಡಕ್ಕೆ ಹೋಗುತ್ತದೆ), ಅದರ ಗೆರೆಯೂ ಎಡಕ್ಕೇ ಜಿಗಿದಿದೆ. ನಡುವಿನ ನೆಲ ಹಿಗ್ಗಿ ಕುಸಿದು ತಗ್ಗಾಯಿತು. ಹಿಡಿಕೆ ತಿರುವುಮುರುವು ಮಾಡಿದರೆ ಅದೇ ಜಾಗ ಗುಡ್ಡವಾಗಬೇಕು. ಒಂದೇ ಹಲಗೆಯಲ್ಲಿ ಎರಡು ಆಟ! ಬಡಿಗನಂತೂ "ನೆಟ್ಟಗ ಕೊಯ್ದರ ಸಾಲಂಗಿಲ್ಲೇನ್ರಿ?" ಅಂತ ಎರಡು ವಾರದಿಂದ ಸತಾಯಿಸುತ್ತಿದ್ದಾನೆ. ಧಾರವಾಡದಲ್ಲಿ ಯಾರ ಹತ್ತಿರವಾದರೂ ಜಿಗ್‌ಸಾ (ಸೊಟ್ಟ ಕೊಯ್ಯುವ ಗರಗಸ) ಇದ್ದರೆ ಹೇಳಿ, ಹಲಗೆ ನಾನೇ ಹೊತ್ತು ತರುತ್ತೇನೆ.