ಉಪ್ಪಾಗೆ ಕಾಲದಲ್ಲಿ ಸಿಂಗಳೀಕದ ಊರಿಗೆ

"ಕಾಡು ನೋಡೂದಾದ್ರೆ ಮಳೆಗಾಲದಲ್ಲಿ ಬಾ ಮಾರಾಯ, ಬೇಸಿಗೆಲಿ ಬೇಡ" ಎಂದು ಸಿದ್ದಾಪುರದ ಭಾವ ಯಾವಾಗಲೂ ಹೇಳುತ್ತಿದ್ದರು. ಅದಕ್ಕೊಂದು ಕಾರಣ ಮಂಗನ ಕಾಯಿಲೆ. ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗೊತ್ತಾದ ಈ ಜ್ವರ ಸಿದ್ದಾಪುರವನ್ನೂ ಬಿಟ್ಟಿಲ್ಲ. ಕಾಡು ಒಣಗುವ ಹೊತ್ತಿಗೆ ಈ ರೋಗ ಹರಡುವ ಉಣುಗು (ಉಣ್ಣೆ) ಹೆಚ್ಚುತ್ತವೆ, ದರಕು (ಉದುರಿದ ಒಣ ಎಲೆ) ಗುಡಿಸಲು ಹೋದವರ ಮೈಗೆ ಹತ್ತುತ್ತವೆ. ಎಲ್ಲೋ ಒಂದು ಮಂಗ ಸತ್ತುಬಿದ್ದಿದೆ ಎಂದರೆ ಊರಿಗೆ ಊರೇ ಹೆದರುತ್ತದೆ. ಮಳೆ ಹಿಡಿದ ಮೇಲೆ ಆ ಭಯ ಕಡಿಮೆ. ಇನ್ನೊಂದು ಕಾರಣ ಉಪ್ಪಾಗೆ, ಹುಳಿ ಸಿಪ್ಪೆಯ ಕಾಡುಹಣ್ಣು. ಮಳೆಗಾಲದಲ್ಲಿ ಅದು ಹಣ್ಣಾಗುತ್ತದೆ, ಹಣ್ಣಿದ್ದಲ್ಲಿ ಸಿಂಗಳೀಕ ಎಂಬ ಕಪ್ಪು ಮಂಗ ಬರುತ್ತದೆ.

ಶಿರಸಿಯಿಂದ ಸಿದ್ದಾಪುರದವರೆಗೆ ಬಸ್ಸು. ಕಿಟಕಿ ಮುಚ್ಚಿಕೊಂಡೇ ಕೂತಿದ್ದರಿಂದ ಆ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಅಲ್ಲಿಂದ ಭಾವನ ಬೈಕಿನಲ್ಲಿ ಮಾವಿನಗುಂಡಿ ದಾಟಿ ಮಲೆಮನೆ ಘಾಟಿಯ ಕಡೆಗೆ ಹೊರಟೆವು. ಗೇರುಸೊಪ್ಪೆ, ಹೊನ್ನಾವರಕ್ಕೆ ಇಳಿಯುವ ಹೆದ್ದಾರಿ ಇದು. ನಾವು ನೋಡಲು ಹೊರಟ ಕಾಡು, ಕತ್ತಲೆಕಾನು, ಈ ರಸ್ತೆಯ ಪಕ್ಕದಲ್ಲೇ ಇದೆ. ಜೋಗ ನೋಡಿ ಕರಾವಳಿಗೆ ಇಳಿಯುವ ಸಾವಿರಾರು ಜನ ಇದರ ಮಗ್ಗುಲಲ್ಲೇ ಹಾದುಹೋಗುತ್ತಾರೆ. ಗಾಡಿ ನಿಲ್ಲಿಸಿ ತಲೆ ಎತ್ತಿ ನೋಡುವವರು ಕಡಿಮೆ.

ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು ಇಳಿದೆವು. ಆದರೂ ಉಂಬಳ (ಜಿಗಣೆ) ಬಿಡಲಿಲ್ಲ. ಕೆಳಗೆ ರಾಮಪತ್ರೆ ಜಡ್ಡಿ, ಅಂದರೆ ಜಾಯಿಕಾಯಿ ಜಾತಿಯ ಕಾಡುಮರಗಳು ಬೆಳೆಯುವ, ನೀರು ಆರದ ತಗ್ಗು ಜಾಗ. ಕೆಸರಿನಲ್ಲಿ ಮರದ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಹಾಗಾಗಿ ಬೇರು ಮೇಲೆದ್ದು, ಮಡಚಿದ ಮಂಡಿಯ ಹಾಗೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತದೆ. ಗೇರಿನ ಕುಟುಂಬಕ್ಕೆ ಸೇರಿದ, ಅದುವರೆಗೆ ಹೆಸರೇ ಇಲ್ಲದಿದ್ದ ಒಂದು ಮರವನ್ನು ಸಸ್ಯವಿಜ್ಞಾನಿಗಳು 2000ದಲ್ಲಿ ಇಲ್ಲಿಂದಲೇ ಗುರುತಿಸಿದರು. ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಇಂಥ ಜಡ್ಡಿಗಳು ಒಂದು ಕಾಲದಲ್ಲಿ ಘಟ್ಟದ ಹೊಳೆಗಳಗುಂಟ ಎಷ್ಟೋ ಇದ್ದವು. ಗದ್ದೆ, ತೋಟ ಮಾಡಲು ನೀರಿರುವ ಜಾಗವೇ ಬೇಕಲ್ವಾ? ಒಂದೊಂದಾಗಿ ಹೋದವು. ಉಳಿದಿರುವುದು ಚೂರುಪಾರು.

ಕಾಡುಪ್ರಾಣಿ ಎಂದರೆ ನಮಗೆ ಹುಲಿ, ಆನೆ ನೆನಪಾಗುತ್ತದೆ. ಇಲ್ಲಿ ನೆಲ ನೋಡುತ್ತ ನಡೆದರೆ ಕಾಡುಕೋಣದ ಸಗಣಿ, ಕಾಡುಹಂದಿ ಒಕ್ಕಿದ ಮಣ್ಣು ಕಾಣುತ್ತದೆ, ಅಷ್ಟೆ. ಈ ಕಾಡಿನ ನಿಜವಾದ ಓಡಾಟ ಮೇಲೆ, ಕೊಂಬೆಯಿಂದ ಕೊಂಬೆಗೆ. ಕೆಂಜಳಿಲು ಮರದಿಂದ ಮರಕ್ಕೆ ಹಾರುತ್ತದೆ, ಗೂಡನ್ನೂ ತುದಿಯಲ್ಲೇ ಕಟ್ಟುತ್ತದೆ. ಹಾರುಬೆಕ್ಕು (ಹಾರುವ ಅಳಿಲು) ರಾತ್ರಿ ತೇಲುತ್ತದೆ. ಸಿಂಗಳೀಕವಂತೂ ಹುಟ್ಟುವುದು, ಉಣ್ಣುವುದು, ಮಲಗುವುದು ಎಲ್ಲ ಮರದ ಮೇಲೇ. ಮೇಲಿನ ಈ ದಾರಿ ಕಡಿಯದೆ ಉಳಿದರೆ ಮಾತ್ರ ಅವು ಉಳಿಯುತ್ತವೆ ಎಂಬುದು ನನಗೆ ಇಲ್ಲಿ ನಿಂತಾಗ ಮನಸ್ಸಿಗೆ ನಾಟಿತು.

ಜಡ್ಡಿಯ ಆಚೆ ಉಪ್ಪಾಗೆ ಕೊಯ್ಯುತ್ತಿದ್ದ ಗೌಡರು ಸಿಕ್ಕರು. ಈ ಭಾಗದ ಕರಿ ಒಕ್ಕಲಿಗರು, ಭಾವನಿಗೆ ಹಳೆಯ ಪರಿಚಯ. ದೋಟಿಯಿಂದ ಎಳೆದು ಬೀಳಿಸಿದ ಹಣ್ಣನ್ನು ಚೀಲಕ್ಕೆ ತುಂಬುತ್ತಿದ್ದರು. ಹಳದಿ ಹಣ್ಣು, ಸುತ್ತ ಗೀರುಗೀರು. ಒಡೆದರೆ ಒಳಗೆ ಬೀಜ, ಬೀಜಕ್ಕೆ ಅಂಟಿದ ಸಿಹಿ-ಹುಳಿ ತಿರುಳು. ಮನುಷ್ಯರಿಗೆ ಬೇಕಾದದ್ದು ಸಿಪ್ಪೆ. ಅದನ್ನು ಅಟ್ಟದ ಮೇಲೆ ಹರವಿ, ಕೆಳಗೆ ಬೆಂಕಿ ಹಾಕಿ ಕಪ್ಪಾಗುವ ತನಕ ಒಣಗಿಸುತ್ತಾರೆ. ಈ ಮಳೆಯಲ್ಲಿ ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ, ಹಾಗಾಗಿ ಸಿಕ್ಕಾಪಟ್ಟೆ ಕಟ್ಟಿಗೆ ಹೋಗುತ್ತದೆ. ಒಣಸಿಪ್ಪೆ ಕೇರಳದ ಮೀನುಸಾರಿಗೂ ಹೋಗುತ್ತದೆ, ತೂಕ ಇಳಿಸುವ ಔಷಧಿಗೂ ಹೋಗುತ್ತದೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ.

ಸಿಂಗಳೀಕಕ್ಕೆ ಬೇಕಾದದ್ದು ಒಳಗಿನ ತಿರುಳು. ಹಣ್ಣು ಒಂದೇ, ಬೇಕಾದವರು ಇಬ್ಬರು. ರೇಟು ಏರಿದ ವರ್ಷ ಕೆಲವರು ಕಾಯಿ ಇರುವಾಗಲೇ ಕೊಯ್ಯುತ್ತಾರೆ, ಕೊಂಬೆಯನ್ನೇ ಕಡಿದು ಉರುಳಿಸುತ್ತಾರೆ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಆತುರ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು ಮರ, ಕೊಂಬೆ ಕಳೆದುಕೊಳ್ಳುವುದೂ ಅದೇ.

"ತುದಿದು ನಾವ್ ಕೊಯ್ಯುದಿಲ್ಲ ಹೆಗಡೇರೆ. ದೋಟಿಗೆ ಸಿಕ್ಕಿದ್ದು ನಮ್ಗೆ, ಮೇಲಿಂದು ಅವ್ಕೆ. ಅವ್ಕೂ ಬೇಕಲ್ರಾ?" ಎಂದರು ಗೌಡರು. ಎಲ್ಲಿ ಸಿಗುತ್ತವೆ ಎಂದು ಕೇಳಿದ್ದಕ್ಕೆ ಕಿವಿ ಕೊಟ್ಟು ಕೇಳಿ ಎಂದಷ್ಟೇ ಹೇಳಿದರು.

ಮಳೆ ಸ್ವಲ್ಪ ಹೊಳವಾದಾಗ ಕೇಳಿಸಿತು. ದೂರದಲ್ಲಿ ಗಂಡಿನ ಕೂಗು. ಆಮೇಲೆ ನಮ್ಮ ತಲೆಯ ಮೇಲೇ ಎಲೆಗಳಿಂದ ನೀರು ದಬದಬ ಸುರಿಯಿತು. ಮೊದಲು ಕಂಡದ್ದು ಬಾಲ, ತುದಿಯಲ್ಲಿ ಕುಚ್ಚು. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದುಬಿಳಿ ಕೇಸರ, ಅದು ಒದ್ದೆಯಾಗಿ ಕೆನ್ನೆಗೆ ಅಂಟಿತ್ತು. ಒಂದು ಹೆಣ್ಣು ಕವಲಿನಲ್ಲಿ ಕೂತು ಉಪ್ಪಾಗೆಯನ್ನು ಹಲ್ಲಿನಿಂದ ಕಚ್ಚಿ ಸೀಳಿತು. ಸಿಪ್ಪೆ ಕೆಳಗೆ ಬಿತ್ತು. ಬೀಜವನ್ನು ತಿರುಳಿನ ಸಮೇತ ಬಾಯಿಗೆ ಹಾಕಿ ಕೆನ್ನೆಯ ಚೀಲಕ್ಕೆ ತಳ್ಳಿತು. ಕೆನ್ನೆ ಉಬ್ಬಿತು. ಮತ್ತೊಂದು ಹಣ್ಣು, ಮತ್ತೊಂದು. ಆಮೇಲೆ ಎದ್ದು ಬೇರೆ ಮರಕ್ಕೆ ಹೋಗಿ ಕೂತು ನಿಧಾನ ಚೀಪುತ್ತ ಒಂದೊಂದೇ ಬೀಜ ಉಗುಳಿತು. ಹೀಗೆ ತಾಯಿಮರದಿಂದ ದೂರ ಬಿದ್ದ ಬೀಜಕ್ಕೆ ಮೊಳೆಯಲು ಜಾಗ ಸಿಗುತ್ತದೆ. ಪಕ್ಕದಲ್ಲೊಂದು ಮರಿ ಪಾಚಿ ಹಿಡಿದ ತೊಗಟೆ ಎಬ್ಬಿಸಿ ಹುಳ ಹುಡುಕುತ್ತಿತ್ತು.

ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಸಿಂಗಳೀಕ ಇಲ್ಲ. ಕೇರಳ, ತಮಿಳುನಾಡು, ಕರ್ನಾಟಕ ಸೇರಿಸಿದರೂ ಇರುವುದು ಕೆಲವೇ ಸಾವಿರ. ಅವುಗಳಲ್ಲಿ ಎಲ್ಲಕ್ಕಿಂತ ಉತ್ತರದಲ್ಲಿ ಇರುವವು ನಮ್ಮ ಶಿರಸಿ–ಹೊನ್ನಾವರದ ಕಾಡಿನವು. ಸಂಶೋಧಕರು ಇಲ್ಲಿ 30ಕ್ಕೂ ಹೆಚ್ಚು ಗುಂಪು ಗುರುತಿಸಿದ ಮೇಲೆ, 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಹಿಗ್ಗಿಸಿ, 930 ಚದರ ಕಿ.ಮೀ.ಯ ಸಿಂಗಳೀಕ ಅಭಯಾರಣ್ಯ ಮಾಡಿದರು. ಒಂದು ಸಿಂಗಳೀಕ ಮೊದಲ ಮರಿ ಹಾಕಲು ಐದಾರು ವರ್ಷ ಆಗಬೇಕು. ಒಂದು ಸಲಕ್ಕೆ ಒಂದೇ ಮರಿ, ಮುಂದಿನದಕ್ಕೆ ಮತ್ತೆ ಎರಡು-ಮೂರು ವರ್ಷ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಪ್ರಾಣಿ ಇದಲ್ಲ.

ವಾಪಸು ಹೆದ್ದಾರಿಗೆ ಹತ್ತಿದಾಗ ಅದೇ ಗುಂಪು ರಸ್ತೆಯಂಚಿನ ಮರಕ್ಕೆ ಬಂದಿತ್ತು. ಎರಡೂ ಬದಿಯ ಕೊಂಬೆ ಕೂಡಿದ್ದ ಕಡೆ ದೊಡ್ಡವು ಸಲೀಸಾಗಿ ದಾಟಿದವು. ಸ್ವಲ್ಪ ಕೆಳಗೆ, ಕೊಂಬೆ ಸವರಿದ್ದ ಕಡೆ ಬಂದ ಒಂದು ತಾಯಿ, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು, ಆಚೆ ಬದಿ ನೋಡಿತು, ಹಿಂದೆ ಹೋಯಿತು, ಮತ್ತೆ ಬಂತು. ಕೆಳಗೆ ಟ್ಯಾಂಕರ್, ಬಸ್ಸು. ಕೊನೆಗೆ ಅಷ್ಟು ದೂರ ಹಿಂದೆ ಬಂದು, ಕೂಡುಕೊಂಬೆ ಹುಡುಕಿಕೊಂಡೇ ದಾಟಿತು. ನನಗೆ ಅಷ್ಟು ಹೊತ್ತೂ ಜೀವ ಬಾಯಿಗೆ ಬಂದಿತ್ತು. ತಮಿಳುನಾಡಿನ ವಾಲ್ಪಾರೈಯಲ್ಲಿ ಕಾಡು ತುಂಡಾದ ಮೇಲೆ ಅವು ನೆಲಕ್ಕಿಳಿದು ರಸ್ತೆ ದಾಟುವುದನ್ನು ಕಲಿತವು. ಈಗ ಅಲ್ಲಿ ಅವುಗಳಿಗಾಗಿ ಮೇಲೆ ಸೇತುವೆ ಕಟ್ಟಿದ್ದಾರೆ. ಇಲ್ಲಿ ಇನ್ನೂ ಮರವೇ ಸೇತುವೆಯಾಗಿದೆ. ರಸ್ತೆ ಅಗಲ ಮಾಡುವ ಮಾತು ಬಂದಾಗ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ಈ ಕೂಡುಕೊಂಬೆಗಳು.

ಅದಕ್ಕಿಂತ ದೊಡ್ಡ ಚಿಂತೆ ಶರಾವತಿಯದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಮೇಲೆತ್ತಿ ಇಳಿಸಿ 2000 ಮೆಗಾವ್ಯಾಟ್ ವಿದ್ಯುತ್ ಮಾಡುವ ಯೋಜನೆ ಇದೇ ಅಭಯಾರಣ್ಯದೊಳಗೆ ಬರುತ್ತದೆ. ಸುರಂಗ ಭೂಮಿಯೊಳಗೆ ಎನ್ನುತ್ತಾರೆ. ಆದರೆ ಸುರಂಗದ ಬಾಯಿಗೆ ರಸ್ತೆ ಬೇಕು, ಕಲ್ಲುಮಣ್ಣು ಸುರಿಯಲು ಜಾಗ ಬೇಕು, ಅದೆಲ್ಲ ಮರ ಕಡಿದೇ ಆಗಬೇಕು. ಗೇರುಸೊಪ್ಪೆ, ಹೊನ್ನಾವರದ ಜನ ಇದನ್ನು ವಿರೋಧಿಸುತ್ತಿದ್ದಾರೆ. ನಾನೂ ಅವರ ಜೊತೆ.

ರಾತ್ರಿ ಭಾವನ ಮನೆಯಲ್ಲಿ ಅಪ್ಪೆಹುಳಿ ಉಂಡು ಜಗಲಿಯಲ್ಲಿ ಕೂತಾಗ ಮಾತು ತೋಟದ ಕಡೆ ಹೊರಳಿತು. ಬಾವಲಿ ಅಡಿಕೆ ಹಣ್ಣು ಚೀಪಿ ಎಲ್ಲೆಲ್ಲೋ ಉದುರಿಸುತ್ತದೆ, ಕಬ್ಬೆಕ್ಕು ಬೈನೆ ಹಣ್ಣು ತಿಂದು ಬೀಜವನ್ನು ಕಲ್ಲುಬಂಡೆಯ ಮೇಲೆ ಬಿಟ್ಟು ಹೋಗುತ್ತದೆ. ತೋಟದ ಹಿಂದೆ ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು, ದರಕು ತರುವ ಕಾಡು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಳಸಿಕೊಳ್ಳುವ ಹಕ್ಕು ಇಲ್ಲಿನ ರೈತರಿಗೆ ಬ್ರಿಟಿಷರ ಕಾಲದಿಂದ ಇದೆ. ಬೆಟ್ಟದಲ್ಲಿ ಮರ ಉಳಿಸಿಕೊಂಡವರ ಜಾಗದಲ್ಲಿ ಈ ಪ್ರಾಣಿಗಳೂ ಉಳಿದಿವೆ. ಭಾವ ತಮ್ಮ ಬೆಟ್ಟದಲ್ಲಿ ಉಪ್ಪಾಗೆ ಗಿಡ ನೆಟ್ಟಿದ್ದಾರೆ. ಕಾಡಿನ ಮರದ ಮೇಲಿನ ಭಾರ ಕಡಿಮೆಯಾಗಲಿ ಎಂದು.

ಹೋಗುವವರಿಗೆ ಒಂದೆರಡು ಮಾತು. ಅಭಯಾರಣ್ಯದೊಳಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಘಾಟಿಯಲ್ಲಿ ಗಾಡಿ ನಿಧಾನ ಓಡಿಸಿ. ಸಿಂಗಳೀಕ ಕಂಡರೆ ಬಾಳೆಹಣ್ಣು, ಚಿಪ್ಸ್ ಏನನ್ನೂ ಕೊಡಬೇಡಿ. ತಿಂಡಿಯ ರುಚಿ ಹತ್ತಿದರೆ ಅವು ರಸ್ತೆಗೆ ಇಳಿಯುತ್ತವೆ, ಚಕ್ರಕ್ಕೆ ಸಿಕ್ಕಿ ಸಾಯುತ್ತವೆ.